ಎರಡು ರಗ್ಬಿಗಳ ನಡುವೆ ಜಾನಥನ್ ಡೇವಿಸ್

ವೇಲ್ಸ್ ರಗ್ಬಿ ಯೂನಿಯನ್ ತಂಡದ ನಾಯಕರಾಗಿದ್ದ ಜಾನಥನ್ ಡೇವಿಸ್ 1989ರ ಜನವರಿ 5ರಂದು ಇಂಗ್ಲೆಂಡಿನ ವಾಯವ್ಯ ಭಾಗದ ವಿಡ್ನೆಸ್ ಎಂಬ ಊರಿನ ರಗ್ಬಿ ಲೀಗ್ ಕ್ಲಬ್ಬಿನ ಒಪ್ಪಂದಕ್ಕೆ ಸಹಿ ಹಾಕಿದರು. ಆಗ ಅವರಿಗೆ 26 ವರ್ಷ. ಒಪ್ಪಂದದ ಮೊತ್ತ ಎರಡು ಲಕ್ಷ ಪೌಂಡ್‌ಗೂ ಮಿಕ್ಕದ್ದೆಂದು ವರದಿಯಾಯಿತು. ಆ ಸಹಿಯೊಂದಿಗೆ ಅವರು ತಮ್ಮ ದೇಶದ ಪರ ಯೂನಿಯನ್ ಆಡುವ ಹಕ್ಕನ್ನು, ಅಂದಿನ ನಿಯಮದಂತೆ, ಜೀವಮಾನಪೂರ್ತಿ ಕಳೆದುಕೊಂಡರು. ಹಣದಾಸೆಗೆ ಮಾಡಿದ ಪಕ್ಷಾಂತರ ಇದು ಎಂದು ಅಂದು ಆಡಿಕೊಂಡವರಿದ್ದರು. ಹಣದ ಪಾತ್ರವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಆ ಸಹಿಗೆ ಮುಂಚಿನ ಆರು ತಿಂಗಳನ್ನು ಗಮನವಿಟ್ಟು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ತನ್ನ ಮಂಡಳಿಗೆ ಹೇಳಬೇಕಾದ ಮಾತೊಂದು ಆ ಆಟಗಾರನ ಬಳಿ ಇತ್ತು, ಮಂಡಳಿ ಅದನ್ನು ಕೇಳಲಿಲ್ಲ. ಯಾವ ಶಿಸ್ತು ವೇಲ್ಸ್‌ಗೆ ಬೇಕೆಂದು ಅವರು ಹೇಳಹೊರಟಿದ್ದರೋ ಅದನ್ನು ಅವರು ಲೀಗ್‌ನಲ್ಲಿ ಕಂಡುಕೊಂಡರು, ಮತ್ತು ಕೆಲವೇ ವರ್ಷಗಳ ನಂತರ ಯೂನಿಯನ್ ಜಗತ್ತು ಅದೇ ಶಿಸ್ತನ್ನು ಲೀಗ್‌ನಿಂದ ಬೆಲೆ ಕೊಟ್ಟು ತರಿಸಿಕೊಂಡಿತು. ಈ ಉಪನ್ಯಾಸದಲ್ಲಿ ನಾನು ಹೇಳಬಯಸುವುದು ಇಷ್ಟೇ.

ಸಭೆಯಲ್ಲಿರುವ ಅನೇಕರಿಗೆ ರಗ್ಬಿ ಎಂದರೆ ಒಂದೇ ಆಟ. ವಾಸ್ತವದಲ್ಲಿ ಅವು ಎರಡು, ಮತ್ತು ಅವುಗಳ ಒಡಕಿನ ಮೂಲದಲ್ಲಿರುವುದು ಕೂಲಿಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳಲ್ಲಿ ಆಡುತ್ತಿದ್ದವರು ಹೆಚ್ಚಾಗಿ ಗಿರಣಿ ಮತ್ತು ಗಣಿಗಳ ಕಾರ್ಮಿಕರು. ಶನಿವಾರ ಪಂದ್ಯಕ್ಕೆ ಹೋದರೆ ಅವರ ಅಂದಿನ ಕೂಲಿ ತಪ್ಪುತ್ತಿತ್ತು. ತಪ್ಪಿದ ಕೂಲಿಯನ್ನಾದರೂ ತುಂಬಿಕೊಡೋಣ ಎಂದು ಉತ್ತರದವರು ಕೇಳಿದರು. ಆಟಕ್ಕೆ ಹಣ ಮುಟ್ಟುವುದೇ ಕಳಂಕ ಎಂದು ನಂಬಿದ್ದ ಆಡಳಿತದವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರದ ಕ್ಲಬ್ಬುಗಳು ಹೊರನಡೆದು ತಮ್ಮದೇ ಸಂಘವನ್ನು ಕಟ್ಟಿಕೊಂಡವು. ಅದೇ ಮುಂದೆ ರಗ್ಬಿ ಲೀಗ್ ಆಯಿತು, ಹಣವನ್ನು ನಿಷೇಧಿಸಿದ ಹಳೆಯ ಆಟ ರಗ್ಬಿ ಯೂನಿಯನ್ ಆಗಿ ಉಳಿಯಿತು. 1906ರಲ್ಲಿ ಲೀಗ್ ತಂಡದ ಆಟಗಾರರ ಸಂಖ್ಯೆಯನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಿದರು. ಹೀಗೆ ಒಂದೊಂದೇ ನಿಯಮ ಬದಲಾಗಿ ಎರಡು ಆಟಗಳು ದೂರವಾದವು.

ವೇಲ್ಸ್‌ನ ಸ್ಥಿತಿ ಇಲ್ಲಿ ವಿಚಿತ್ರವಾದದ್ದು. ದಕ್ಷಿಣ ವೇಲ್ಸ್‌ನ ಕಣಿವೆಗಳಲ್ಲಿ ರಗ್ಬಿ ಆಡುತ್ತಿದ್ದವರೂ ಕಲ್ಲಿದ್ದಲು ಗಣಿ ಮತ್ತು ಉಕ್ಕಿನ ಕಾರ್ಖಾನೆಗಳ ದುಡಿಮೆಗಾರರೇ. ತರ್ಕದ ಪ್ರಕಾರ ಅವರು ಲೀಗ್‌ನ ಪಾಲಾಗಬೇಕಿತ್ತು. ಆದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಎದುರು ಸಮಾನವಾಗಿ ನಿಲ್ಲುವ ಅವಕಾಶವನ್ನು ವೇಲ್ಸ್‌ಗೆ ಕೊಟ್ಟಿದ್ದು ಯೂನಿಯನ್. ಅದನ್ನು ಬಿಡಲು ಅವರು ಸಿದ್ಧರಿರಲಿಲ್ಲ. ಬದಲಿಗೆ ನಿಯಮವನ್ನು ಬೇಕಾದಾಗ ಬಗ್ಗಿಸಿಕೊಂಡರು. 1897ರಲ್ಲಿ ನ್ಯೂಪೋರ್ಟಿನ ಜನಪ್ರಿಯ ನಾಯಕ ಆರ್ಥರ್ ಗೌಲ್ಡ್‌ಗೆ ಸಾರ್ವಜನಿಕ ಚಂದಾ ಎತ್ತಿ ಮನೆಯೊಂದನ್ನೇ ಉಡುಗೊರೆ ಕೊಟ್ಟಾಗ, ಇದು ವೃತ್ತಿಪರತೆಯೇ ಎಂದು ಉಳಿದ ದೇಶಗಳು ಸಿಡಿದವು. ಸ್ಕಾಟ್ಲೆಂಡ್ ವೇಲ್ಸ್ ವಿರುದ್ಧ ಆಡಲು ಒಪ್ಪಲಿಲ್ಲ, ವೇಲ್ಸ್ ಕೆಲಕಾಲ ಅಂತರರಾಷ್ಟ್ರೀಯ ಮಂಡಳಿಯಿಂದಲೇ ಹೊರಗುಳಿಯಿತು. ಕೊನೆಗೆ ರಾಜಿಯಾಯಿತು, ಗೌಲ್ಡ್‌ಗೆ ಮನೆಯೂ ಉಳಿಯಿತು. ಅಲ್ಲಿಂದ ಮುಂದೆ ಸುಮಾರು ಒಂದು ಶತಮಾನ, ಪಂದ್ಯದ ನಂತರ ಬೂಟಿನೊಳಗೆ ಸಿಗುವ ನೋಟುಗಳನ್ನು ಯಾರೂ ನೋಡದಂತೆ ನಟಿಸುವ ವ್ಯವಸ್ಥೆಯೊಂದು ನಡೆದುಬಂತು. ಗುಟ್ಟಾಗಿ ಪಡೆದವನು ಹವ್ಯಾಸಿಯಾಗಿ ಉಳಿದ, ಬಹಿರಂಗವಾಗಿ ರಸೀದಿಗೆ ಸಹಿ ಹಾಕಿ ಪಡೆದವನು ಬಹಿಷ್ಕೃತನಾದ. ಲೀಗ್ ಕ್ಲಬ್ಬಿನ ಅಭ್ಯಾಸ ಪಂದ್ಯವೊಂದರಲ್ಲಿ ಆಡಿದ್ದು ಗೊತ್ತಾದರೂ ಸಾಕಿತ್ತು, ಯೂನಿಯನ್ ಬಾಗಿಲು ಮುಚ್ಚುತ್ತಿತ್ತು. ಆದ್ದರಿಂದಲೇ ಪರೀಕ್ಷೆಗೆ ಬಂದ ವೆಲ್ಷ್ ಹುಡುಗರನ್ನು ಲೀಗ್ ಕ್ಲಬ್ಬುಗಳು ಸುಳ್ಳು ಹೆಸರಿನಲ್ಲಿ ಆಡಿಸುತ್ತಿದ್ದವು.

ಆದರೂ ಹೋಗುವವರು ಹೋಗುತ್ತಲೇ ಇದ್ದರು. ಕಾರ್ಡಿಫ್‌ನ ಜಿಮ್ ಸಲಿವನ್ 1921ರಲ್ಲಿ ಹದಿನೇಳರ ಹರೆಯದಲ್ಲಿ ವಿಗನ್ ಸೇರಿ, ತಮ್ಮ ಲೀಗ್ ಜೀವನದಲ್ಲಿ 2,867 ಗೋಲುಗಳನ್ನು (ಚೆಂಡನ್ನು ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಕಳಿಸುವುದು) ಒದ್ದರು. ಲೂಯಿಸ್ ಜೋನ್ಸ್ 1952ರಲ್ಲಿ 6,000 ಪೌಂಡ್‌ಗೆ ಲೀಡ್ಸ್ ಸೇರಿ, 1956–57ರ ಒಂದೇ ಋತುವಿನಲ್ಲಿ 496 ಅಂಕ ಗಳಿಸಿದರು. ವೇಲ್ಸ್ ನಾಯಕ ಡೇವಿಡ್ ವಾಟ್ಕಿನ್ಸ್ 1967ರಲ್ಲಿ ಸಾಲ್ಫರ್ಡ್‌ಗೆ ಹೋದರು. ಇವರೆಲ್ಲ ಯೂನಿಯನ್‌ನಲ್ಲಿ ಇರಬಹುದಿತ್ತು, ಹೊರಡುವ ತೀರ್ಮಾನ ಅವರದು ಎನ್ನಬಹುದು. ಕಾರ್ಡಿಫ್ ಬಂದರಿನ ಬ್ಯೂಟ್‌ಟೌನ್‌ನಂಥ ಬಡಾವಣೆಗಳ ಕರಿಯ ಆಟಗಾರರ ಕಥೆ ಹಾಗಲ್ಲ. ಸಿಯೆರಾ ಲಿಯೋನ್ ಮೂಲದ ತಂದೆಯ ಮಗ ಬಿಲ್ಲಿ ಬೋಸ್ಟನ್‌ಗೆ ವೇಲ್ಸ್ ಯೂನಿಯನ್ ತಂಡದ ಕೆಂಪು ಅಂಗಿ ಎಂದೂ ಸಿಗಲಿಲ್ಲ. 1953ರಲ್ಲಿ ಅವರು ವಿಗನ್ ಸೇರಿದರು, ಆ ಕ್ಲಬ್ಬಿಗೆ 478 ಟ್ರೈಗಳನ್ನು (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿಕೊಟ್ಟರು. ಕ್ಲೈವ್ ಸಲಿವನ್ 1961ರಲ್ಲಿ ಹಲ್‌ಗೆ ಹೋಗಿ, 1972ರಲ್ಲಿ ವಿಶ್ವಕಪ್ ಗೆದ್ದ ಗ್ರೇಟ್ ಬ್ರಿಟನ್ ಲೀಗ್ ತಂಡದ ನಾಯಕರಾಗಿದ್ದರು. ಇವರಿಬ್ಬರ ಮತ್ತು ಇನ್ನೊಬ್ಬ ಲೀಗ್ ಆಟಗಾರ ಗಸ್ ರಿಸ್ಮನ್‌ರ ಪ್ರತಿಮೆಗಳನ್ನು ಕಾರ್ಡಿಫ್ ಕೊಲ್ಲಿಯಲ್ಲಿ ಅನಾವರಣಗೊಳಿಸಿದ್ದು 2023ರ ಜುಲೈನಲ್ಲಿ. ತಡವಾಯಿತು ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ, ಏಕೆಂದರೆ ಅದು ಪ್ರತ್ಯೇಕ ಉಪನ್ಯಾಸಕ್ಕೆ ಸಲ್ಲುವ ವಿಷಯ.

ಜಾನಥನ್ ಡೇವಿಸ್ ಹುಟ್ಟಿದ್ದು 1962ರ ಅಕ್ಟೋಬರ್ 24ರಂದು, ಪಶ್ಚಿಮ ವೇಲ್ಸ್‌ನ ಕಾರ್ಮಾರ್ಥೆನ್‌ಶೈರಿನ ಟ್ರಿಮ್‌ಸಾರನ್ ಎಂಬ ಗಣಿ ಹಳ್ಳಿಯಲ್ಲಿ. ಮನೆಮಾತು ವೆಲ್ಷ್. ತಂದೆಯೂ ಹಳ್ಳಿಯ ತಂಡಕ್ಕೆ ಆಡಿದವರು, ಮಗನಿಗೆ ಹದಿನಾಲ್ಕು ವರ್ಷವಾಗಿದ್ದಾಗ ತೀರಿಕೊಂಡರು. ಹುಡುಗ ಓದಿದ ಗ್ವೆಂಡ್ರೈತ್ ಗ್ರಾಮರ್ ಶಾಲೆ ಅದಾಗಲೇ ಕಾರ್ವಿನ್ ಜೇಮ್ಸ್ ಮತ್ತು ಬ್ಯಾರಿ ಜಾನ್‌ರಂಥ ಹತ್ತನೇ ನಂಬರ್ ಅಂಗಿಯ ಆಟಗಾರರನ್ನು ಕೊಟ್ಟಿತ್ತು. ವೇಲ್ಸ್‌ನಲ್ಲಿ ಆ ಅಂಗಿಗೆ, ಅಂದರೆ ಔಟ್‌ಸೈಡ್ ಹಾಫ್ ಸ್ಥಾನಕ್ಕೆ, ಇರುವ ಗೌರವ ಬೇರೆ ಯಾವ ಸ್ಥಾನಕ್ಕೂ ಇಲ್ಲ. ಡೇವಿಸ್ 1982ರಲ್ಲಿ ನೀತ್ ಕ್ಲಬ್ ಸೇರಿದರು. 1985ರ ಏಪ್ರಿಲ್‌ನಲ್ಲಿ ಕಾರ್ಡಿಫ್ ಆರ್ಮ್ಸ್ ಪಾರ್ಕಿನಲ್ಲಿ ಇಂಗ್ಲೆಂಡ್ ವಿರುದ್ಧ ವೇಲ್ಸ್ ಪರ ಮೊದಲ ಪಂದ್ಯ ಆಡಿ, ಒಂದು ಟ್ರೈ ಮತ್ತು ಒಂದು ಡ್ರಾಪ್ ಗೋಲ್ (ಕೈಯಲ್ಲಿನ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೊಡನೆ ಒದ್ದು ಪಡೆಯುವ ಗೋಲು) ಗಳಿಸಿದರು. ವೇಲ್ಸ್ 24–15ರಿಂದ ಗೆದ್ದಿತು. 1987ರ ಮೊದಲ ವಿಶ್ವಕಪ್‌ನಲ್ಲಿ ವೇಲ್ಸ್ ಮೂರನೆಯ ಸ್ಥಾನ ಪಡೆಯಿತು. 1988ರ ವಸಂತದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂವರನ್ನೂ ಸೋಲಿಸಿ ಟ್ರಿಪಲ್ ಕ್ರೌನ್ ಗೆದ್ದಿತು. ಸ್ಕಾಟ್ಲೆಂಡ್ ವಿರುದ್ಧ ಎರಡೂ ತಂಡದವರು ಭುಜಕ್ಕೆ ಭುಜ ಕೊಟ್ಟು ತಳ್ಳಾಡುವ ಸ್ಕ್ರಮ್‌ನ ಬುಡದಿಂದ ಬಂದ ಚೆಂಡನ್ನು ಹಿಡಿದು, ಎದುರಾಳಿಗಳ ನಡುವಿನ ಸಂದಿಗೆ ನೆಲಮಟ್ಟದಲ್ಲಿ ಒದ್ದು, ತಾವೇ ಬೆನ್ನಟ್ಟಿ ಹೋಗಿ ಅವರು ಗಳಿಸಿದ ಟ್ರೈಯನ್ನು ವೆಲ್ಷ್ ಅಭಿಮಾನಿಗಳು ಇವತ್ತಿಗೂ ನೆನೆಯುತ್ತಾರೆ.

ಅದೇ ವರ್ಷದ ಬೇಸಿಗೆಯಲ್ಲಿ ನ್ಯೂಜಿಲೆಂಡ್ ಪ್ರವಾಸ ಬಂತು. ಮೊದಲ ಟೆಸ್ಟ್‌ನಲ್ಲಿ ವೇಲ್ಸ್ 52–3ರಿಂದ ಸೋತಿತು. ನಾಯಕ ಬ್ಲೆಡಿನ್ ಬೋವೆನ್ ಗಾಯಗೊಂಡದ್ದರಿಂದ ಎರಡನೆಯ ಟೆಸ್ಟ್‌ಗೆ ಡೇವಿಸ್ ನಾಯಕರಾದರು. ಆ ಪಂದ್ಯವೂ 54–9ರಿಂದ ಹೋಯಿತು. ಆ ಸೋಲಿನ ನಡುವೆಯೂ ಅವರು ಬಹುತೇಕ ಮೈದಾನದ ಉದ್ದಕ್ಕೂ ಓಡಿ ಟ್ರೈ ಗಳಿಸಿದರು ಎಂಬುದು ನಿಜ, ಆದರೆ ಆ ಪ್ರವಾಸದ ತಿರುಳು ಅದಲ್ಲ. ನ್ಯೂಜಿಲೆಂಡಿನವರು ವೆಲ್ಷ್ ಆಟಗಾರರಿಗಿಂತ ಹೆಚ್ಚು ಗಟ್ಟಿಯಾಗಿದ್ದರು, ಎಂಬತ್ತನೆಯ ನಿಮಿಷದಲ್ಲೂ ಮೊದಲ ನಿಮಿಷದ ವೇಗದಲ್ಲಿ ಓಡುತ್ತಿದ್ದರು, ಅವರ ತಯಾರಿಗೆ ವರ್ಷವಿಡೀ ನಡೆಯುವ ಯೋಜನೆಯೊಂದಿತ್ತು. ಇದನ್ನು ಕಣ್ಣಾರೆ ಕಂಡ ಡೇವಿಸ್, ವೆಲ್ಷ್ ರಗ್ಬಿ ಯೂನಿಯನ್ನಿನ ವಾರ್ಷಿಕ ಸಭೆಯಲ್ಲಿ ಆಟಗಾರರ ಪರವಾಗಿ ಮಾತಾಡಲು ಅವಕಾಶ ಕೇಳಿದರು. ಕೊಡಲಿಲ್ಲ. ಟ್ರಿಪಲ್ ಕ್ರೌನ್ ಗೆಲ್ಲಿಸಿಕೊಟ್ಟ ತರಬೇತುದಾರ ಟೋನಿ ಗ್ರೇ ಅವರನ್ನು ಮಂಡಳಿ ಮನೆಗೆ ಕಳಿಸಿತು, ಸೋಲಿನ ಕಾರಣವನ್ನು ಆಟಗಾರರಿಂದ ಕೇಳುವ ಗೋಜಿಗೆ ಹೋಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಡೇವಿಸ್ ವೇಲ್ಸ್ ಬಿಟ್ಟದ್ದು ಆ ದಿನ, ಸಹಿ ಬಿದ್ದದ್ದು ಮಾತ್ರ ಚಳಿಗಾಲದಲ್ಲಿ.

ಡಿಸೆಂಬರ್ 10ರಂದು ಕಾರ್ಡಿಫ್‌ನಲ್ಲೇ ರುಮೇನಿಯಾ ವಿರುದ್ಧ ವೇಲ್ಸ್ 15–9ರಿಂದ ಸೋತಿತು. ನಾಯಕ ಡೇವಿಸ್. ಟೀಕೆಯ ಮಳೆ ಅವರ ಮೇಲೆಯೇ ಸುರಿಯಿತು. ನಾಲ್ಕು ವಾರ ಕಳೆಯುವುದರೊಳಗೆ ವಿಡ್ನೆಸ್ ತರಬೇತುದಾರ ಡಗ್ ಲಾಟನ್ ಅವರ ಆಹ್ವಾನಕ್ಕೆ ಅವರು ಒಪ್ಪಿದ್ದರು. ಆಗಿನ ವೇಲ್ಸ್‌ನ ಆರ್ಥಿಕ ಪರಿಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. 1984–85ರ ಗಣಿ ಮುಷ್ಕರ ಸೋತ ನಂತರ ಕಣಿವೆಗಳ ಗಣಿಗಳು ಒಂದರ ಹಿಂದೊಂದು ಮುಚ್ಚುತ್ತಿದ್ದವು. ಡೇವಿಸ್ ಅವರ ಹುಟ್ಟೂರಿನ ಆಸುಪಾಸಿನ ದೊಡ್ಡ ಗಣಿ ಕಿನ್‌ಹೈಡ್ರೆ ಮುಚ್ಚಿದ್ದು ಅದೇ 1989ರಲ್ಲಿ. ಸಂಸಾರಸ್ಥನಾದ ಯುವಕನಿಗೆ, ಒಂದು ಗಾಯದಿಂದ ಮುಗಿದುಹೋಗಬಹುದಾದ ದೇಹವೊಂದೇ ಬಂಡವಾಳವಾಗಿರುವಾಗ, ಲಿಖಿತ ಒಪ್ಪಂದದ ಭದ್ರತೆ ದೊಡ್ಡ ವಿಷಯ. ಮೊದಲ ಲೀಗ್ ಪಂದ್ಯದಲ್ಲೇ ಭುಜ ಕೀಲು ತಪ್ಪಿಸಿಕೊಂಡ ಟೆರಿ ಹೋಮ್ಸ್ ಎಂಬ ಮತ್ತೊಬ್ಬ ವೇಲ್ಸ್ ನಾಯಕನ ಉದಾಹರಣೆ ಕಣ್ಣ ಮುಂದೆಯೇ ಇತ್ತು. 1985ರಲ್ಲಿ ಬ್ರಾಡ್‌ಫರ್ಡ್ ಸೇರಿದ್ದ ಹೋಮ್ಸ್ ಅವರ ಲೀಗ್ ಜೀವನ ಗಾಯಗಳಿಂದಾಗಿ ಬೇಗನೆ ಮುಗಿದಿತ್ತು. ಅಂಥ ಅಪಾಯ ಗೊತ್ತಿದ್ದೂ ಡೇವಿಸ್ ಹೊರಟರು.

ವಿಡ್ನೆಸ್ ಮರ್ಸಿ ನದಿಯ ದಂಡೆಯ, ರಾಸಾಯನಿಕ ಕಾರ್ಖಾನೆಗಳ ಸಣ್ಣ ಊರು. ಅದರ ತಂಡ ಅಂದು ಲೀಗ್ ಚಾಂಪಿಯನ್. ಅಲ್ಲಿ ಡೇವಿಸ್ ಎದುರಿಸಿದ್ದು ಹೆಸರಿನಲ್ಲಿ ಹೋಲುವ, ಸ್ವಭಾವದಲ್ಲಿ ಹೋಲದ ಆಟವನ್ನು. ಯೂನಿಯನ್‌ನಲ್ಲಿ ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಿದ ಮೇಲೆ ಚೆಂಡಿಗಾಗಿ ಎರಡೂ ಕಡೆಯವರ ಗುಂಪು ಕಾದಾಡುತ್ತದೆ. ಲೀಗ್‌ನಲ್ಲಿ ಕೆಡವಿದ ಕೂಡಲೇ ಆಟ ಒಂದು ಕ್ಷಣ ನಿಲ್ಲುತ್ತದೆ, ಬಿದ್ದವನು ಎದ್ದು ಚೆಂಡನ್ನು ಪಾದದಿಂದ ಹಿಂದಕ್ಕೆ ಹೊರಳಿಸುತ್ತಾನೆ, ಎದುರಾಳಿಗಳು ಕೆಲವು ಮೀಟರ್ ಹಿಂದೆ ಸರಿದು ಸಾಲಾಗಿ ನಿಂತು ಮತ್ತೆ ಮುನ್ನುಗ್ಗುತ್ತಾರೆ. ಹೀಗೆ ಆರು ಬಾರಿ ಕೆಡವಿಸಿಕೊಂಡರೆ ಚೆಂಡು ಎದುರು ತಂಡದ ಪಾಲು. ಲೈನ್‌ಔಟ್, ಅಂದರೆ ಗೆರೆಯಾಚೆ ಹೋದ ಚೆಂಡನ್ನು ಎಸೆದಾಗ ಎರಡು ಸಾಲಿನವರು ಹಾರಿ ಹಿಡಿಯುವುದು, ಇಲ್ಲ. ಅಡಗಿ ನಿಲ್ಲಲು ಜಾಗವೂ ಇಲ್ಲ. ಯೂನಿಯನ್‌ನ ಹತ್ತನೇ ನಂಬರಿನವನು ಎದುರಾಳಿಯನ್ನು ಹಿಡಿಯುವ ಕೆಲಸವನ್ನು ಬಹುಮಟ್ಟಿಗೆ ತನ್ನ ಪಕ್ಕದ, ಸ್ಕ್ರಮ್‌ನ ಅಂಚಿನಲ್ಲಿರುವ ಆಟಗಾರ ಫ್ಲ್ಯಾಂಕರ್‌ಗೆ ಬಿಟ್ಟುಬಿಡಬಹುದಿತ್ತು. ಲೀಗ್‌ನಲ್ಲಿ, ಕಬಡ್ಡಿಯ ಸರಪಳಿಯಂತೆ, ಸಾಲಿನಲ್ಲಿ ಒಬ್ಬ ದುರ್ಬಲನಿದ್ದಾನೆಂದು ಗೊತ್ತಾದರೆ ಎದುರಾಳಿಗಳೆಲ್ಲ ಅವನ ಮೇಲೆಯೇ ಓಡಿ ಬರುತ್ತಾರೆ. ತೆಳ್ಳಗಿನ ಮೈಕಟ್ಟಿನ, ಭಾರೀ ಬೆಲೆಗೆ ಬಂದ, ಎಲ್ಲ ಪತ್ರಿಕೆಗಳ ಮುಖಪುಟದಲ್ಲಿದ್ದ ವೆಲ್ಷ್‌ಮನ್ ಎಂಥ ಗುರಿಯಾಗಿರಬಹುದು ಎಂದು ಊಹಿಸಬಹುದು.

ಇನ್ನೊಂದು ನಷ್ಟವನ್ನು ವಿಶ್ಲೇಷಕರು ಅಷ್ಟಾಗಿ ಗಮನಿಸುವುದಿಲ್ಲ. ಯೂನಿಯನ್‌ನಲ್ಲಿ ಡೇವಿಸ್ ಅವರ ಎರಡು ಮುಖ್ಯ ಆಯುಧಗಳು ಪಕ್ಕದ ಗೆರೆಯ ಆಚೆಗೆ ಉದ್ದಕ್ಕೆ ಒದೆಯುವುದು ಮತ್ತು ಡ್ರಾಪ್ ಗೋಲ್. ಲೀಗ್‌ನಲ್ಲಿ ಆಟದ ನಡುವೆ ಚೆಂಡನ್ನು ನೇರವಾಗಿ ಗೆರೆಯಾಚೆ ಒದ್ದರೆ ಒದ್ದ ಜಾಗಕ್ಕೇ ಆಟ ಮರಳುತ್ತದೆ, ಚೆಂಡೂ ಕೈತಪ್ಪುತ್ತದೆ. ಯೂನಿಯನ್‌ನಲ್ಲಿ ಮೂರು ಅಂಕ ತರುವ ಡ್ರಾಪ್ ಗೋಲ್‌ಗೆ ಲೀಗ್‌ನಲ್ಲಿ ಒಂದೇ ಅಂಕ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಕುಶಲಕರ್ಮಿಯೊಬ್ಬ ತನ್ನ ಅರ್ಧ ಹತ್ಯಾರಗಳನ್ನು ಬದಿಗಿಟ್ಟು ಕಸುಬು ಮುಂದುವರಿಸಬೇಕಾಯಿತು. ಉಳಿದದ್ದು ವೇಗ, ಸಂದಿಯನ್ನು ಗುರುತಿಸುವ ಕಣ್ಣು ಮತ್ತು ನಿಲ್ಲಿಸಿಟ್ಟ ಚೆಂಡನ್ನು ಗೋಲಿಗೆ ಒದೆಯುವ ಗುರಿ. ಈ ಕೊನೆಯದು ವೇಲ್ಸ್ ತಂಡದಲ್ಲಿ ಹೆಚ್ಚಾಗಿ ಪಾಲ್ ಥಾರ್ಬರ್ನ್ ಅವರ ಕೆಲಸವಾಗಿತ್ತು, ಲೀಗ್‌ನಲ್ಲಿ ಅದು ಡೇವಿಸ್ ಅವರ ಪಾಲಿಗೆ ಬಂತು.

ಲಾಟನ್ ಡೇವಿಸ್ ಅವರನ್ನು ಆತುರದಿಂದ ಕಣಕ್ಕಿಳಿಸಲಿಲ್ಲ. ಬದಲಿ ಆಟಗಾರನಾಗಿ ಸ್ವಲ್ಪ ಸ್ವಲ್ಪ ಹೊತ್ತು ಆಡಿಸುತ್ತ, ತೂಕ ಹೆಚ್ಚಿಸಿಕೊಳ್ಳಲು, ಹಿಡಿತ ಕಲಿಯಲು ಸಮಯ ಕೊಟ್ಟರು. ಮುಂದೆ ಡೇವಿಸ್ ಸೆಂಟರ್, ಫುಲ್‌ಬ್ಯಾಕ್, ವಿಂಗ್, ಸ್ಟ್ಯಾಂಡ್‌ಆಫ್ ಹೀಗೆ ಹಲವು ಸ್ಥಾನಗಳಲ್ಲಿ ಆಡಿದರು. 1989ರ ಏಪ್ರಿಲ್ ತಿಂಗಳಲ್ಲಿ ವಿಗನ್ ತಂಡವನ್ನು ಸೋಲಿಸಿ ವಿಡ್ನೆಸ್ ಚಾಂಪಿಯನ್ ಪಟ್ಟ ಉಳಿಸಿಕೊಂಡಿತು. ಅಕ್ಟೋಬರ್ 4ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ತಂಡವನ್ನು 30–18ರಿಂದ ಮಣಿಸಿ ವಿಶ್ವ ಕ್ಲಬ್ ಚಾಂಪಿಯನ್ ಆಯಿತು. ಲಂಡನ್ನಿನ ಯೂನಿಯನ್ ಕ್ಲಬ್ಬಿನಿಂದ ಬಂದಿದ್ದ ಮಾರ್ಟಿನ್ ಓಫಿಯಾ, ಸ್ಕಾಟ್ಲೆಂಡ್ ಯೂನಿಯನ್ ಆಟಗಾರ ಅಲನ್ ಟೇಟ್ ಅದೇ ತಂಡದಲ್ಲಿದ್ದರು. ವೇಲ್ಸ್‌ನಿಂದ ಪಾಲ್ ಮೊರಿಯಾರ್ಟಿ, ಜಾನ್ ಡೆವೆರೊ ಕೂಡ ಡೇವಿಸ್ ಅವರ ಹಿಂದೆಯೇ ಬಂದು ಸೇರಿದರು. ಡೇವಿಡ್ ಯಂಗ್ ಲೀಡ್ಸ್‌ಗೆ, ಅಲನ್ ಬೇಟ್‌ಮನ್ ವಾರಿಂಗ್ಟನ್‌ಗೆ ಹೋದರು. 1988ರ ವೇಲ್ಸ್ ತಂಡವೊಂದು ಹೀಗೆ ಕರಗಿಹೋಯಿತು. ಹಣದ ಆಸೆ ಎಲ್ಲ ಕಾಲಕ್ಕೂ ಇದ್ದದ್ದೇ. ಇಷ್ಟು ಜನ ಒಟ್ಟಿಗೆ, ಇಷ್ಟು ಕಡಿಮೆ ಅವಧಿಯಲ್ಲಿ ಹೊರಟರೆಂದರೆ ಮನೆಯ ಯಜಮಾನಿಕೆಯನ್ನು ಪ್ರಶ್ನಿಸಬೇಕು.

ಆ ಗುಂಪು ಒಂದು ಅನಿರೀಕ್ಷಿತ ಕೆಲಸವನ್ನೂ ಮಾಡಿತು. 1991ರ ಅಕ್ಟೋಬರ್‌ನಲ್ಲಿ ವೇಲ್ಸ್‌ಗೆ ಮತ್ತೆ ಒಂದು ರಾಷ್ಟ್ರೀಯ ಲೀಗ್ ತಂಡ ಬಂತು. ಡೇವಿಸ್ ನಾಯಕತ್ವದಲ್ಲಿ ಅದು ಸ್ವಾನ್ಸಿಯ ವೆಚ್ ಫೀಲ್ಡಿನಲ್ಲಿ ಪಾಪುವಾ ನ್ಯೂಗಿನಿಯನ್ನು 68–0ರಿಂದ ಸೋಲಿಸಿತು. ಯೂನಿಯನ್‌ನ ಹೃದಯಭಾಗದಲ್ಲಿ, ಬಹಿಷ್ಕೃತರ ತಂಡವನ್ನು ನೋಡಲು ಸಾವಿರಾರು ಜನ ಬಂದಿದ್ದರು. 1995ರ ವಿಶ್ವಕಪ್‌ನಲ್ಲಿ ಅದೇ ಮೈದಾನದಲ್ಲಿ ಪಶ್ಚಿಮ ಸಮೋವಾವನ್ನು 22–10ರಿಂದ ಗೆದ್ದು ಸೆಮಿಫೈನಲ್ ತಲುಪಿದ ವೇಲ್ಸ್, ಅಲ್ಲಿ ಇಂಗ್ಲೆಂಡ್‌ಗೆ 25–10ರಿಂದ ಶರಣಾಯಿತು. ಬಾಗಿಲು ಹಾಕಿದ್ದು ಮಂಡಳಿಯೇ ಹೊರತು ಊರಿನ ಜನ ಹಾಕಿರಲಿಲ್ಲ.

1993ರಲ್ಲಿ ಡೇವಿಸ್ ವಿಡ್ನೆಸ್ ಬಿಟ್ಟು ವಾರಿಂಗ್ಟನ್ ಸೇರಿದರು. ಮರುವರ್ಷ ಬ್ರಿಟಿಷ್ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ‘ಮ್ಯಾನ್ ಆಫ್ ಸ್ಟೀಲ್’ ಪ್ರಶಸ್ತಿ ಅವರದಾಯಿತು. ಅವರ ಲೀಗ್ ಜೀವನದಿಂದ ಒಂದೇ ಒಂದು ಪಂದ್ಯವನ್ನು ನೋಡಬೇಕೆನ್ನುವವರಿಗೆ ನಾನು 1994ರ ಅಕ್ಟೋಬರ್ 22ರ ವೆಂಬ್ಲಿ ಟೆಸ್ಟನ್ನು ಹೇಳುತ್ತೇನೆ. ಎದುರಾಳಿ ಆಸ್ಟ್ರೇಲಿಯಾ. ಗ್ರೇಟ್ ಬ್ರಿಟನ್ ನಾಯಕ ಶಾನ್ ಎಡ್ವರ್ಡ್ಸ್ ಕುತ್ತಿಗೆಯ ಮಟ್ಟದಲ್ಲಿ ಎದುರಾಳಿಯನ್ನು ಹಿಡಿದದ್ದಕ್ಕಾಗಿ ಮೊದಲಾರ್ಧದಲ್ಲೇ ಹೊರಹಾಕಲ್ಪಟ್ಟರು. ಉಳಿದವರು ಹನ್ನೆರಡು ಜನ. ಫುಲ್‌ಬ್ಯಾಕ್ ಆಗಿದ್ದ ಡೇವಿಸ್ ವಿರಾಮಕ್ಕೆ ಸ್ವಲ್ಪ ಮುಂಚೆ ಸಾಲಿನ ಸಂದಿಯಲ್ಲಿ ನುಗ್ಗಿ, ಆಸ್ಟ್ರೇಲಿಯಾದ ಫುಲ್‌ಬ್ಯಾಕ್ ಬ್ರೆಟ್ ಮಲಿನ್ಸ್ ಒಳಬದಿಯಿಂದ ಬರುತ್ತಿರುವುದನ್ನು ಕಂಡು, ಹೊರಬದಿಗೆ ಬಾಗಿ ಮೂಲೆಯವರೆಗೂ ಓಟವನ್ನು ಎಳೆದು ಟ್ರೈ ಗಳಿಸಿದರು. ದ್ವಿತೀಯಾರ್ಧದಲ್ಲಿ ಭುಜಕ್ಕೆ ಪೆಟ್ಟು ಬಿದ್ದು ಅವರು ಹೊರನಡೆಯಬೇಕಾಯಿತು. ಬ್ರಿಟನ್ 8–4ರಿಂದ ಗೆದ್ದಿತು. ಸರಣಿಯ ಉಳಿದೆರಡು ಟೆಸ್ಟ್‌ಗಳನ್ನು ಆಸ್ಟ್ರೇಲಿಯಾ ಸುಲಭವಾಗಿ ಗೆದ್ದುಕೊಂಡದ್ದರಿಂದ ಆ ದಿನದ ಗೆಲುವು ಇನ್ನಷ್ಟು ಎದ್ದು ಕಾಣುತ್ತದೆ. ಆ ಓಟದ ವೇಗ ಟ್ರಿಮ್‌ಸಾರನ್‌ನ ಹುಡುಗನದು. ಅದಕ್ಕೂ ಮೊದಲು ಮತ್ತು ನಂತರ, ಒಬ್ಬ ಕಡಿಮೆಯಿದ್ದ ತಂಡದಲ್ಲಿ ನಿಂತು ರಕ್ಷಣೆ ಮಾಡಿದ ಮೈ ಮಾತ್ರ ಲೀಗ್ ಕಟ್ಟಿಕೊಟ್ಟದ್ದು.

1995ರ ಆಗಸ್ಟ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ರಗ್ಬಿ ಮಂಡಳಿ ಯೂನಿಯನ್ ಇನ್ನು ಮುಕ್ತ, ಆಟಗಾರರು ಬಹಿರಂಗವಾಗಿ ಹಣ ಪಡೆಯಬಹುದು ಎಂದು ಸಾರಿತು. ಘೋಷಣೆ ಮಾಡಿದವರು ವೇಲ್ಸ್‌ನ ವಕೀಲ ವೆರ್ನನ್ ಪ್ಯೂ. ಹಡರ್ಸ್‌ಫೀಲ್ಡ್ ಸಭೆಗೆ ನೂರು ವರ್ಷ ತುಂಬುವುದಕ್ಕೆ ಕೆಲವೇ ದಿನ ಬಾಕಿಯಿತ್ತು. ವಿಶ್ವಕಪ್ ಮುಗಿಸಿದ ಡೇವಿಸ್ ನವೆಂಬರ್‌ನಲ್ಲಿ ಕಾರ್ಡಿಫ್ ಕ್ಲಬ್ ಸೇರಿ ಯೂನಿಯನ್‌ಗೆ ಮರಳಿದರು. ವಯಸ್ಸು 33, ಮೈ ತುಂಬ ಗಾಯ. ಏಳು ವರ್ಷಗಳಲ್ಲಿ ಯೂನಿಯನ್ ನಿಯಮಗಳೂ ಬದಲಾಗಿದ್ದವು. ಟ್ರೈಗೆ ನಾಲ್ಕರ ಬದಲು ಐದು ಅಂಕ ಬಂದಿತ್ತು. 1996ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವರು ಮತ್ತೆ ವೇಲ್ಸ್‌ನ ಹತ್ತನೇ ನಂಬರ್ ಅಂಗಿ ತೊಟ್ಟರು. 1997ರ ಮಾರ್ಚ್ 15ರಂದು ಇಂಗ್ಲೆಂಡ್ ವಿರುದ್ಧ ಆಡಿದ್ದು ಅವರ 32ನೆಯ ಮತ್ತು ಕೊನೆಯ ಯೂನಿಯನ್ ಟೆಸ್ಟ್. ವೇಲ್ಸ್ 34–13ರಿಂದ ಸೋತಿತು. ಅದೇ ವರ್ಷ ಪತ್ನಿ ಕ್ಯಾರನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಡೇವಿಸ್ ನಿವೃತ್ತರಾದರು. ಬಿಬಿಸಿಯಲ್ಲಿ ಎರಡೂ ರಗ್ಬಿಗಳ ವೀಕ್ಷಕ ವಿವರಣೆಯನ್ನೂ, ಕಾರ್ಡಿಫ್‌ನ ವೆಲಿಂಡ್ರೆ ಕ್ಯಾನ್ಸರ್ ಕೇಂದ್ರಕ್ಕಾಗಿ ನಿಧಿ ಸಂಗ್ರಹಿಸುವ ಕೆಲಸವನ್ನೂ ಮುಂದಿನ ದಶಕಗಳಲ್ಲಿ ಕೈಗೆತ್ತಿಕೊಂಡರು.

ಯೂನಿಯನ್ನಿನ ಎರಡನೆಯ ಅಧ್ಯಾಯ ಅವರ ಮಟ್ಟಿಗೆ ಸಣ್ಣದು, ಮೊದಲನೆಯದಕ್ಕೆ ಹೋಲಿಸುವಂಥದ್ದಲ್ಲ ಎಂದು ಒಪ್ಪಿಕೊಳ್ಳಬೇಕು. ಅವರ ಕಿರಿಯರಿಗೆ ಕಾಲ ಕೂಡಿಬಂತು. 1997ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡಕ್ಕೆ ಲೀಗ್‌ನಿಂದ ಮರಳಿದ ಆರು ಜನ ಆಯ್ಕೆಯಾದರು. ವೇಲ್ಸ್‌ನ ಸ್ಕಾಟ್ ಗಿಬ್ಸ್, ಅಲನ್ ಬೇಟ್‌ಮನ್, ಡೇವಿಡ್ ಯಂಗ್, ಸ್ಕಾಟ್ ಕ್ವಿನೆಲ್, ಜೊತೆಗೆ ಅಲನ್ ಟೇಟ್ ಮತ್ತು ಇಂಗ್ಲೆಂಡಿನ ಜಾನ್ ಬೆಂಟ್ಲಿ. ಮೈದಾನದ ನಡುವೆ ಗೋಡೆಯಂತೆ ನಿಂತು ಅಂದಿನ ವಿಶ್ವ ಚಾಂಪಿಯನ್ ದಕ್ಷಿಣ ಆಫ್ರಿಕಾದವರನ್ನು ತಡೆದ ಗಿಬ್ಸ್ ಆ ಆಟವನ್ನು ಕಲಿತದ್ದು ಲೀಗ್ ಕ್ಲಬ್ಬಾದ ಸೇಂಟ್ ಹೆಲೆನ್ಸ್‌ನಲ್ಲಿ. ಲಯನ್ಸ್ ಸರಣಿಯನ್ನು 2–1ರಿಂದ ಗೆದ್ದಿತು. ಅಲ್ಲಿಂದಾಚೆ ಯೂನಿಯನ್ ತಂಡಗಳು ರಕ್ಷಣೆಗೆಂದೇ ಪ್ರತ್ಯೇಕ ತರಬೇತುದಾರರನ್ನು ನೇಮಿಸತೊಡಗಿದವು, ಅವರನ್ನು ಹುಡುಕಿದ್ದು ಹೆಚ್ಚಾಗಿ ಲೀಗ್‌ನಲ್ಲಿ. 2008ರಲ್ಲಿ ವೇಲ್ಸ್ ಆ ಹುದ್ದೆಗೆ ಕರೆತಂದದ್ದು, ವೆಂಬ್ಲಿಯಲ್ಲಿ ಡೇವಿಸ್ ಮತ್ತು ಉಳಿದ ಹನ್ನೊಂದು ಜನರಿಗೆ ಕೆಲಸ ಬಿಟ್ಟು ಹೊರನಡೆದಿದ್ದ ಶಾನ್ ಎಡ್ವರ್ಡ್ಸ್ ಅವರನ್ನು. ಆ ವರ್ಷದ ಆರು ರಾಷ್ಟ್ರಗಳ ಟೂರ್ನಿಯ ಐದೂ ಪಂದ್ಯಗಳನ್ನು ವೇಲ್ಸ್ ಗೆದ್ದಿತು, ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಎರಡೇ ಟ್ರೈ.